ವೃದ್ಧಾಶ್ರಮದ ಹಬ್ಬ: ಪಡೆಯುವ ಕೈ, ಕೊಡುವ ಕೈ

ಮಕ್ಕಳೋ ಮೊಮ್ಮಕ್ಕಳೋ ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಪುಣೆಯಲ್ಲಿ ಈಗ ಬೇಕಾದಷ್ಟಿವೆ. ನವೆಂಬರ್ ತಿಂಗಳು ಬಂತೆಂದರೆ ಅಲ್ಲಿಂದ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬದ ಭಾವಚಿತ್ರಗಳು ಬರತೊಡಗುತ್ತವೆ. ಸುಗ್ಗಿಯ ಫಲಕ್ಕಾಗಿ ಉಪಕಾರ ಸ್ಮರಿಸುವ ಈ ಹಬ್ಬಕ್ಕೆ 1863ರಲ್ಲಿ ಅಧ್ಯಕ್ಷ ಲಿಂಕನ್ನರು ರಾಷ್ಟ್ರೀಯ ಸ್ವರೂಪವನ್ನು ಕೊಟ್ಟರು. 1941ರಲ್ಲಿ ಅಲ್ಲಿಯ ಸಂಸತ್ತು ಅದನ್ನು ನವೆಂಬರಿನ ನಾಲ್ಕನೆಯ ಗುರುವಾರಕ್ಕೆ ಗೊತ್ತುಮಾಡಿತು. ಅಂದಿನ ಸಂಭ್ರಮ ಮನೆಗಳಿಗೆ ಮಾತ್ರ ಸೀಮಿತವಲ್ಲ. ವೃದ್ಧರ ಶುಶ್ರೂಷಾಲಯಗಳಲ್ಲಿಯೂ ಮುದುಕ ಮುದುಕಿಯರು ಬಣ್ಣದ ಕಾಗದದ ಎಲೆಗಳನ್ನು ಕತ್ತರಿಸಿ, ತಾವು ಯಾರಿಗೆ ಕೃತಜ್ಞರೋ ಅವರ ಹೆಸರನ್ನು ಅವುಗಳ ಮೇಲೆ ಬರೆದು, ಒಣಗಿದ ಕೊಂಬೆಯೊಂದಕ್ಕೆ ಕಟ್ಟುವುದುಂಟು. ಚೀಟಿಯಾಟ, ಪದಗಳ ಆಟಗಳನ್ನು ಆಡುವುದುಂಟು. ಸರಕಾರದ ಹಣ ಪಡೆಯುವ ಶುಶ್ರೂಷಾಲಯಗಳು ಔಷಧ, ಆಹಾರಗಳಂತೆಯೇ ಇಂತಹ ಚಟುವಟಿಕೆಗಳನ್ನೂ ಒದಗಿಸತಕ್ಕದ್ದೆಂದು 1987ರ ಕಾಯಿದೆ ವಿಧಿಸಿರುವುದರಿಂದ, ಅದಕ್ಕಾಗಿಯೇ ತರಬೇತಾದ ಸಿಬ್ಬಂದಿಯೂ ಅಲ್ಲಿರುತ್ತದೆ.

ನಮ್ಮ ವೃದ್ಧಾಶ್ರಮಗಳಲ್ಲಿ ಹಬ್ಬವಿಲ್ಲವೇ? ಉಂಟು. ದೀಪಾವಳಿ ಸಮೀಪಿಸಿತೆಂದರೆ ಹಣ್ಣಿನ ಬುಟ್ಟಿ, ಫರಾಳದ ಪೊಟ್ಟಣ, ಕಂಬಳಿಗಳೊಡನೆ ಸಂಘ ಸಂಸ್ಥೆಗಳವರು ಬರುತ್ತಾರೆ. ವೃದ್ಧರನ್ನು ಸಾಲಾಗಿ ಕೂರಿಸುತ್ತಾರೆ. ಒಂದೆರಡು ಭಾಷಣ, ಒಂದು ಭಾವಗೀತೆ, ಒಂದು ಭಾವಚಿತ್ರ. ಬಂದವರ ಅಂತಃಕರಣದಲ್ಲಿ ಸಂದೇಹಪಡಬೇಕಾದುದೇನೂ ಇಲ್ಲ. ಹಣ್ಣು ಕಂಬಳಿಗಳೂ ಬೇಕಾದವೇ. ಆದರೆ ಅರುವತ್ತು ವರ್ಷ ಬಡಿಸಿದ, ಬಾಗಿನ ಕೊಟ್ಟ, ಮಕ್ಕಳ ಕೈಯಲ್ಲಿ ಹಬ್ಬದ ರೂಪಾಯಿ ಇಟ್ಟ ಕೈಯನ್ನು ಈಗ ಪಡೆಯುವುದಕ್ಕಷ್ಟೇ ಚಾಚಬೇಕಾಗಿ ಬಂದಾಗ ಆಗುವ ಸಂಕೋಚವನ್ನು ನಾವು ಗಮನಿಸುವುದಿಲ್ಲ. ಹಬ್ಬದ ದಿನ ವೃದ್ಧಾಶ್ರಮಕ್ಕೆ ಏನನ್ನು ಕೊಂಡೊಯ್ಯಬೇಕೆಂದು ನಾವು ಪ್ರತಿವರ್ಷವೂ ಚರ್ಚಿಸುತ್ತೇವೆ. ಅಲ್ಲಿಂದ ಏನನ್ನು ತರಬೇಕೆಂದು ಎಂದಾದರೂ ಯೋಚಿಸಿದ್ದೇವೆಯೇ? ಅಲ್ಲಿಯ ಹಿರಿಯರು ತಾವೇ ಮಾಡಿ, ತಾವೇ ಕೊಡುವ ಹಬ್ಬವು ಅವರ ದೇಹಕ್ಕೂ ಮನಸ್ಸಿಗೂ ಹೆಚ್ಚು ಹಿತಕರವೆಂಬುದು ನನ್ನ ದೃಢವಾದ ಅಭಿಪ್ರಾಯ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅರುವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ಆ ಸಂಖ್ಯೆ ಅಲ್ಲಿಂದೀಚೆಗೆ ಬೆಳೆಯುತ್ತಲೇ ಇದೆ. ಪುಣೆಗಂತೂ ‘ನಿವೃತ್ತರ ನಗರ’ವೆಂಬ ಹೆಸರು ಹಿಂದಿನಿಂದಲೂ ಉಂಟು. ಅಶಕ್ತರಿಗೆ ಆಶ್ರಯ ಕೊಡುವ ಪರಂಪರೆಯೂ ಈ ಊರಿಗೆ ಹೊಸದಲ್ಲ: ಡೇವಿಡ್ ಸಸೂನರ ದಾನದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಾರಂಭವಾದ ಆಶ್ರಯಧಾಮವೇ ಇಂದು ನವಿ ಪೇಠೆಯಲ್ಲಿರುವ ‘ನಿವಾರಾ’ ವೃದ್ಧಾಶ್ರಮ. ಧಾರವಾಡ, ಬೆಳಗಾವಿ, ವಿಜಯಪುರಗಳಿಂದ, ಕರಾವಳಿಯಿಂದ ಇಲ್ಲಿಗೆ ಬಂದು, ಖಡಕಿಯ ಕಾರ್ಖಾನೆಗಳಲ್ಲಿ, ರೈಲ್ವೆಯಲ್ಲಿ, ಬ್ಯಾಂಕುಗಳಲ್ಲಿ, ಹೋಟೆಲುಗಳಲ್ಲಿ ಆಯುಷ್ಯ ಸವೆಸಿದ ಕನ್ನಡಿಗರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಮಗ ಕ್ಯಾಲಿಫೋರ್ನಿಯದಲ್ಲಿ, ಮಗಳು ಬೆಂಗಳೂರಿನಲ್ಲಿ, ಊರಿನ ಮನೆ ಮಾರಿಹೋಗಿದೆ. ವೃದ್ಧಾಶ್ರಮ ಸೇರಿದವರೆಲ್ಲ ಮಕ್ಕಳಿಂದ ಪರಿತ್ಯಕ್ತರೆಂದು ಭಾವಿಸುವುದು ತಪ್ಪು. ಮೂರನೆಯ ಅಂತಸ್ತಿನ ಒಂಟಿ ಮನೆಗಿಂತ ಇದೇ ಮೇಲೆಂದು ವಿಚಾರಮಾಡಿ ಬಂದವರೂ ಇದ್ದಾರೆ. ಯಾವ ಕಾರಣದಿಂದಲೇ ಬಂದಿರಲಿ, ಊಟ ತಿಂಡಿ ಔಷಧಗಳೆಲ್ಲ ಹೊತ್ತಿಗೆ ಸರಿಯಾಗಿ ದೊರೆಯುವಲ್ಲಿ ತಾನು ಮಾಡಬೇಕಾದುದು ಏನೂ ಇಲ್ಲವೆಂಬ ಭಾವನೆಯೇ ಒಂದು ರೋಗವಾಗಿ ಪರಿಣಮಿಸುತ್ತದೆ.

ಈ ಮಾತಿಗೆ ಆಧಾರವಿಲ್ಲದೆ ಇಲ್ಲ. ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರಾಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಶುಶ್ರೂಷಾಲಯವೊಂದರಲ್ಲಿ ಪ್ರಯೋಗವೊಂದನ್ನು ನಡೆಯಿಸಿ 1976ರಲ್ಲಿ ಪ್ರಕಟಿಸಿದರು. ಒಂದು ಅಂತಸ್ತಿನ ವೃದ್ಧರಿಗೆ, ನಿಮ್ಮ ದಿನಚರಿಯನ್ನು ನೀವೇ ನಿರ್ಧರಿಸಿಕೊಳ್ಳಿ ಎಂದು ತಿಳಿಸಿ, ಒಂದೊಂದು ಸಸಿಯನ್ನು ಕೊಟ್ಟು ಅದನ್ನು ಸಾಕುವ ಹೊಣೆಯನ್ನು ಅವರಿಗೇ ಒಪ್ಪಿಸಲಾಯಿತು. ಇನ್ನೊಂದು ಅಂತಸ್ತಿನವರಿಗೂ ಸಸಿ ಕೊಟ್ಟರು. ಆದರೆ ನೀರೆರೆಯುವ ಕೆಲಸ ದಾದಿಯರದೆಂದು ಹೇಳಿದರು. ಮೂರು ವಾರಗಳಲ್ಲಿಯೇ ಹೊಣೆ ಹೊತ್ತವರು ಹೆಚ್ಚು ಚುರುಕಾಗಿಯೂ ಹರ್ಷಚಿತ್ತರಾಗಿಯೂ ಕಂಡುಬಂದರು. ಇದು ನೂರಕ್ಕೂ ಕಡಿಮೆ ಜನರ ಮೇಲೆ ನಡೆದ ಸಣ್ಣ ಪ್ರಯೋಗವೆಂಬುದನ್ನು ಮರೆಯಬಾರದು. ಆದರೂ ತುಳಸಿಕಟ್ಟೆಯನ್ನು ಬಲ್ಲ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕೋಣೆಗೊಂದು ತುಳಸಿಯ ಕುಂಡ, ಕಾರ್ತಿಕದಲ್ಲಿ ಅದಕ್ಕೆ ಲಗ್ನ: ಇಷ್ಟನ್ನು ಯಾವ ಆಶ್ರಮವಾದರೂ ಮಾಡಬಹುದು. ನೀರೆರೆಯುವ ಕೆಲಸವನ್ನು ಮಾತ್ರ ಮಾಳಿಗೆ ವಹಿಸಬಾರದು.

ಇನ್ನು ಕರಕುಶಲದ ಮಾತು. ಕಾಗದದ ಹೂವು, ಐಸ್‌ಕ್ರೀಮಿನ ಕಡ್ಡಿಗಳ ಗೊಂಬೆ ಮುಂತಾದವನ್ನು ಶಿಶುವಿಹಾರದಿಂದ ಎತ್ತಿತಂದು ಎಂಬತ್ತು ವರ್ಷದವರ ಮುಂದಿಡುವ ಪದ್ಧತಿ ನನಗೆ ಸರಿತೋರುವುದಿಲ್ಲ. ಯಾವ ಕೆಲಸದಲ್ಲಿ ಹಿರಿಯರು ನಮಗಿಂತ ನಿಪುಣರೋ ಅದನ್ನೇ ಅವರಿಂದ ಬೇಡಬೇಕು. ಹೂಬತ್ತಿ ಮತ್ತು ಗೆಜ್ಜೆವಸ್ತ್ರ ಇದಕ್ಕೆ ಅತ್ಯುತ್ತಮ ಉದಾಹರಣೆ. ಹತ್ತಿಯ ಬೀಜ ಬಿಡಿಸಿ, ಎಳೆದು ಹಿಂಜಿ, ಚಿಟಿಕೆ ವಿಭೂತಿಯನ್ನೋ ಹನಿ ಹಾಲನ್ನೋ ಬೆರಳಿಗೆ ಹಚ್ಚಿಕೊಂಡು ತುದಿಯನ್ನು ಹೊಸೆಯುವ ಈ ಕಾಯಕದಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಕೂಡಿ ದುಡಿಯುತ್ತವೆ. ಕುಪ್ಪಸದ ಗುಂಡಿ ಹಾಕುವುದಕ್ಕೂ, ಮಾತ್ರೆಯನ್ನು ಹಾಳೆಯಿಂದ ಬಿಡಿಸುವುದಕ್ಕೂ, ತುತ್ತು ಕಲಸಿ ಬಾಯಿಗಿಡುವುದಕ್ಕೂ ಬೇಕಾದುದು ಇದೇ ಹಿಡಿತ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಬೆರಳಿನ ವ್ಯಾಯಾಮವೆಂದು ಜೇಡಿಮಣ್ಣನ್ನೋ ರಬ್ಬರಿನ ಚೆಂಡನ್ನೋ ಕೊಡುತ್ತಾರಷ್ಟೆ. ಚೆಂಡನ್ನು ನೂರು ಬಾರಿ ಹಿಸುಕಿದರೆ ಉಳಿಯುವುದು ಚೆಂಡು, ನೂರು ಬಾರಿ ಹೊಸೆದರೆ ಉಳಿಯುವುದು ನೂರು ಬತ್ತಿ. ಮೇಲಾಗಿ ಬತ್ತಿಗೆ ಗಿರಾಕಿ ಉಂಟು. ಶ್ರಾವಣದಿಂದ ಕಾರ್ತಿಕದವರೆಗೆ ಪುಣೆಯ ಯಾವ ಮನೆಗೆ ಹೂಬತ್ತಿ ಬೇಡ? ಲಕ್ಷಬತ್ತಿಯ ಹರಕೆ ಹೊತ್ತವರಿಗಂತೂ ಒಂದು ಆಶ್ರಮವಿಡೀ ಹೊಸೆದರೂ ಸಾಲದು. ಗಣೇಶ ಚೌತಿಗೆ ಗರಿಕೆಯನ್ನು ಇಪ್ಪತ್ತೊಂದರಂತೆ ಎಣಿಸಿ ಜುಡಿ ಕಟ್ಟುವ ಕೆಲಸವೂ ಇಂತಹದೇ. ಎಣಿಕೆ ತಪ್ಪದಂತೆ ನೋಡಿಕೊಳ್ಳುವುದು ಬುದ್ಧಿಗೂ ಸಾಣೆ.

ನಾನು ಕಂಡ ಒಬ್ಬ ಅಜ್ಜಿ, ಹುಬ್ಬಳ್ಳಿಯ ಕಡೆಯವರು, ಮರೆವಿನ ಕಾಯಿಲೆಯಿಂದ ಮಗಳ ಹೆಸರನ್ನೂ ಕೆಲವೊಮ್ಮೆ ಮರೆಯುತ್ತಿದ್ದರು. ಹತ್ತಿಯ ಸುರುಳಿಯನ್ನು ಕೈಯಲ್ಲಿಟ್ಟೊಡನೆ ಬೆರಳುಗಳು ತಾವಾಗಿಯೇ ಚಲಿಸತೊಡಗಿದವು. ನಾನೂ ಒಂದು ಬತ್ತಿ ಹೊಸೆದೆ. ಅದನ್ನು ತಿರುಗಿಸಿ ನೋಡಿ, “ಇದು ಎಣ್ಣಿ ಕುಡಿಯೂದುಲ್ಲ, ಬಿಚ್ಚಿ ಮತ್ತ ಹೊಸಿ” ಎಂದರು. ವೈದ್ಯಶಾಸ್ತ್ರವೂ ಇದನ್ನು ಒಪ್ಪುತ್ತದೆ: ಹೆಸರು, ದಿನಾಂಕ, ಇತ್ತೀಚಿನ ಘಟನೆಗಳ ನೆನಪು ಮೊದಲು ಅಳಿಸುತ್ತದೆ, ಕೈಗೆ ರೂಢಿಯಾದ ಕೆಲಸದ ನೆನಪು ಬಹುಕಾಲ ಉಳಿಯುತ್ತದೆ.

ಗಂಡಸರನ್ನು ಕೂಡಿಸುವುದೇ ಕಷ್ಟ. ಪತ್ರಿಕೆಯ ಹಿಂದೆ ಅವಿತು ಕೂರುವ ಈ ಮಹನೀಯರಿಗೆ ‘ಬನ್ನಿ, ಬತ್ತಿ ಹೊಸೆಯಿರಿ’ ಎಂದರೆ ಏಳುವುದಿಲ್ಲ. ಅವರಿಗೆ ಲೆಕ್ಕದ ಪುಸ್ತಕ ಕೊಡಿ: ಎಷ್ಟು ಬತ್ತಿ, ಯಾರಿಗೆ, ಯಾವ ದರಕ್ಕೆ. ಬ್ಯಾಂಕಿನಿಂದ ನಿವೃತ್ತರಾದವರು ಒಂದು ಪೈ ವ್ಯತ್ಯಾಸಕ್ಕೂ ಅರ್ಧ ದಿನ ಹುಡುಕುವರು. ದೀಪಾವಳಿಗೆ ಬಿದಿರಿನ ಸೀಳುಗಳಿಂದ ಆಕಾಶಬುಟ್ಟಿ ಕಟ್ಟುವುದು ಅವರಿಗೆ ಒಪ್ಪುವ ಕೆಲಸ. ಪುಣೆಯ ಮಕ್ಕಳು ದೀಪಾವಳಿಯಲ್ಲಿ ಮನೆಯಂಗಳದಲ್ಲಿ ಮಣ್ಣಿನ ಕೋಟೆ ಕಟ್ಟುವ ಸಂಪ್ರದಾಯವನ್ನು ನೀವೆಲ್ಲರೂ ಬಲ್ಲಿರಿ. ಆ ಕೋಟೆಯನ್ನು ಒಮ್ಮೆ ಆಶ್ರಮದ ಅಂಗಳದಲ್ಲಿ ಕಟ್ಟಿಸಬಾರದೇಕೆ? ಮಕ್ಕಳು ಮಣ್ಣು ಹೊರಲಿ, ಅಜ್ಜಂದಿರು ಕುರ್ಚಿಯಲ್ಲಿ ಕುಳಿತು ಬುರುಜು ಎಲ್ಲಿ, ಮಹಾದ್ವಾರ ಎಲ್ಲಿ ಎಂದು ವಾದಿಸಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗಳು ಅಲ್ಲಿಯೂ ಒಂದು ಜೋಡಿ ಎತ್ತನ್ನು ನಿಲ್ಲಿಸದೆ ಬಿಡವು.

ಸಂಕ್ರಾಂತಿಯು ನಮ್ಮವರಿಗೂ ಮರಾಠಿ ಬಾಂಧವರಿಗೂ ಸಮಾನವಾದ ಹಬ್ಬ. ಅವರ ‘ಹಲವಾ’ ನಮ್ಮ ಕುಸುರೆಳ್ಳು. ಅವರು ಸಿಹಿಯಾಗಿ ಮಾತಾಡೆಂದರೆ ನಾವು ಒಳ್ಳೆಯ ಮಾತಾಡೋಣವೆನ್ನುತ್ತೇವೆ. ಕೆಂಡದ ಮೇಲೆ ಪರಾತವಿಟ್ಟು ಎಳ್ಳಿಗೆ ಸಕ್ಕರೆಪಾಕ ತಗಲಿಸುತ್ತ ಗಂಟೆಗಟ್ಟಲೆ ಕೈಯಾಡಿಸುವ ಕೆಲಸವನ್ನು ಆಶ್ರಮದಲ್ಲಿ ಮಾಡಿಸಬೇಕೆಂದು ನಾನು ಹೇಳಲಾರೆ. ಸಿದ್ಧವಾದ ಕುಸುರೆಳ್ಳನ್ನು ತಂದು ಆಭರಣ ಕಟ್ಟಿಸಬಹುದು: ಮಗುವಿಗೆ ಕೈಬಳೆ, ಕೊರಳ ಹಾರ, ಹೊಸ ಸೊಸೆಗೆ ವಂಕಿ, ಡಾಬು. ಮೊದಲ ಸಂಕ್ರಾಂತಿಯ ಮಗುವಿಗೆ ಎಲಚಿಹಣ್ಣು ಎರೆಯುವಾಗ ತೊಡಿಸಲು ಇವು ಬೇಕೇ ಬೇಕು. ಪೇಟೆಯಲ್ಲಿ ಕೊಳ್ಳುವ ಬದಲು ಆಶ್ರಮದಿಂದ ತರಿಸಿ, ಮಗುವನ್ನು ಅಲ್ಲಿಗೇ ಕರೆದೊಯ್ದು ತೊಡಿಸಿದರೆ ಕಟ್ಟಿದವರ ಕಣ್ಣಿಗೆ ಹಬ್ಬ. ಮೈಸೂರು ಸೀಮೆಯವರಿದ್ದರೆ ಕೊಬ್ಬರಿ, ಬೆಲ್ಲ ಹೆಚ್ಚಿ ಎಳ್ಳು ಬೆರೆಸುವುದುಂಟು. ತುಂಡು ಎಷ್ಟು ಸಣ್ಣದಿರಬೇಕೆಂಬುದರ ಮೇಲೆ ಅವರಲ್ಲಿ ನಡೆಯುವ ವಾಗ್ವಾದವನ್ನು ತಡೆಯಲು ಹೋಗಬೇಡಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಅರಿಸಿನ ಕುಂಕುಮದ ಸಮಾರಂಭಗಳು ನಡೆಯುತ್ತವೆ. ಉತ್ಸಾಹದ ಮಹಿಳಾ ಮಂಡಳವೊಂದು ಇದನ್ನು ಆಶ್ರಮದಲ್ಲಿಯೂ ಏರ್ಪಡಿಸಿದ್ದನ್ನು ನಾನು ನೋಡಿದ್ದೇನೆ. ಸಭಾಂಗಣದಲ್ಲಿ ಮೂವತ್ತು ಜನ ವೃದ್ಧೆಯರು. ಅವರಲ್ಲಿ ಮುತ್ತೈದೆಯರು ನಾಲ್ವರು. ಕುಂಕುಮದ ಬಟ್ಟಲು ಆ ನಾಲ್ವರ ಮುಂದೆ ನಿಂತು, ಉಳಿದವರನ್ನು ದಾಟಿ ಮುಂದೆ ಸಾಗಿತು. ಯಾರೂ ಏನೂ ಅನ್ನಲಿಲ್ಲ. ಸೆರಗು ಸರಿಪಡಿಸಿಕೊಂಡು ಎದ್ದು ಕೋಣೆಗೆ ಹೋದರು. ಮಹರ್ಷಿ ಧೋಂಡೋ ಕೇಶವ ಕರ್ವೆಯವರು 1893ರಲ್ಲಿಯೇ ವಿಧವೆಯನ್ನು ವಿವಾಹವಾಗಿ, 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದ ಊರು ಇದು. ಹಂಚುವುದಾದರೆ ಎಲ್ಲರಿಗೂ ಹೂವು, ಎಲ್ಲರಿಗೂ ಎಳ್ಳು, ಬಯಸಿದವರಿಗೆಲ್ಲ ಕುಂಕುಮ. ಅದು ಸಾಧ್ಯವಿಲ್ಲವೆಂದಾದರೆ ಆ ಸಮಾರಂಭವನ್ನು ಆಶ್ರಮದ ಹೊರಗೆಯೇ ಮಾಡಿಕೊಳ್ಳುವುದು ಲೇಸು.

ಅಮೆರಿಕದ ವೃದ್ಧರು ಹೆಸರು ಬರೆದು ಕಟ್ಟುವ ಕಾಗದದ ಎಲೆಗಳನ್ನು ಪ್ರಾರಂಭದಲ್ಲಿ ಹೇಳಿದೆನಷ್ಟೆ. ನಮ್ಮ ದಸರೆಯ ಬನ್ನಿ ಅದಕ್ಕಿಂತ ಒಂದು ಹೆಜ್ಜೆ ಮುಂದೆಯೇ ಇದೆ. ಏಕೆಂದರೆ ಬನ್ನಿಯನ್ನು ಕಟ್ಟಿ ಇಡುವುದಿಲ್ಲ, ಕೈಯಿಂದ ಕೈಗೆ ಕೊಡುತ್ತೇವೆ. ಮಹಾರಾಷ್ಟ್ರದಲ್ಲಿ ಬನ್ನಿಯ ಬದಲು ಆಪಟೆಯ ಎಲೆಯೇ ‘ಬಂಗಾರ’. ಹಬ್ಬದ ಹೆಸರಿನಲ್ಲಿ ಆಪಟೆಯ ಮರಗಳನ್ನು ಬೋಳಿಸುವುದನ್ನು ತಪ್ಪಿಸಲೂ ಆಯಿತೆಂದು, ಹೊಂಬಣ್ಣದ ಕಾಗದದಲ್ಲಿ ಆ ಜೋಡಿಹಾಳೆಯ ಎಲೆಯನ್ನು ಹಿರಿಯರಿಂದ ಕತ್ತರಿಸಿಸಬಹುದು. ಒಂದೊಂದು ಎಲೆಯ ಮೇಲೆ ಒಂದೊಂದು ಹೆಸರು. ಯಾರ ಹೆಸರು? ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೂ ಬೇಸರಿಸದೆ ಬರುವ, ಪುಣೆಯಲ್ಲಿ ಎಲ್ಲರೂ ‘ಮಾವಶಿ’ ಎಂದು ಕರೆಯುವ ಆಯಾ. ಸ್ನಾನಕ್ಕೆ ಕೈಹಿಡಿದು ನಡೆಸುವ ‘ಮಾಮಾ’. ಅಡುಗೆಯವರು, ಔಷಧದಂಗಡಿಯ ಹುಡುಗ. ವಿಜಯದಶಮಿಯ ಸಂಜೆ ಅಜ್ಜಿಯರು ಅವರನ್ನು ಹೆಸರು ಹಿಡಿದು ಕರೆದು, ಎಲೆ ಕೊಟ್ಟು, “ಬಂಗಾರದ್ಹಾಂಗ ಇರು” ಎಂದು ಹರಸಿದರೆ ಕೊಟ್ಟವರ ಋಣವೂ ಹಗುರ, ಪಡೆದವರ ದುಡಿಮೆಯೂ ಹಗುರ. ಆಶ್ರಮದ ದುಡಿಮೆಗಾರರಿಗೆ ಕೃತಜ್ಞತೆ ಹೇಳುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ಸುಗ್ಗಿಯ ಕೃತಜ್ಞತೆ ಎಂದರೆ ಉತ್ತರ ಕರ್ನಾಟಕದವರಿಗೆ ಮೊದಲು ನೆನಪಾಗುವುದು ಎಳ್ಳಮಾವಾಸ್ಯೆ. ಕಲಬುರಗಿ, ಬೀದರ, ವಿಜಯಪುರಗಳಲ್ಲಿ ಮಾತ್ರವಲ್ಲ, ಗಡಿಯಾಚೆ ಸೊಲ್ಲಾಪುರ, ಲಾತೂರಗಳಲ್ಲಿಯೂ ಅಂದು ಹೊಲಕ್ಕೆ ಹೋಗಿ, ಬೆಳೆದ ಪೈರಿಗೆ ಚರಗ ಚೆಲ್ಲಿ, ನಂಟರಿಷ್ಟರೊಡನೆ ಉಣ್ಣುವರು. ಹೊಲವಿಲ್ಲದ ಪುಣೆಯಲ್ಲಿ ಚರಗ ಎಲ್ಲಿ ಚೆಲ್ಲುವುದು? ಆಶ್ರಮದ ಹಿತ್ತಲಲ್ಲಿ ನಾಲ್ಕು ಜೋಳದ ದಂಟು ಬೆಳೆದರೆ ಸಾಕು. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಎಳ್ಳುಹೋಳಿಗೆಗಳನ್ನು ನಮ್ಮ ಸಂಘದ ಸದಸ್ಯರು ಮನೆಯಿಂದ ಮಾಡಿ ಒಯ್ಯಲಿ. ಆದರೆ ಹೇಗೆ ಮಾಡಬೇಕೆಂಬುದನ್ನು ಹದಿನೈದು ದಿನ ಮೊದಲೇ ಹೋಗಿ ಅಲ್ಲಿಯ ಹಿರಿಯರನ್ನೇ ಕೇಳಿ ಬರೆದುಕೊಳ್ಳಲಿ. ಊಟದ ದಿನ ರುಚಿಯ ತೀರ್ಪೂ ಅವರದೇ.

ಆಟಗಳ ವಿಷಯದಲ್ಲಿ ನಮಗೆ ಬಡತನವೇ ಇಲ್ಲ. ಚೌಕಾಬಾರಾ, ಪಗಡೆ, ಹುಲಿಕಟ್ಟು, ಅಳಗುಳಿಮನೆ. ತುಳುನಾಡಿನವರಿಗೆ ಅದೇ ಚೆನ್ನೆಮಣೆ. ಐದೈದು ಮನೆಗಳ ಚೌಕದಲ್ಲಿ ನಾಲ್ಕು ಕವಡೆ ಹಾಕಿ ಆಡುವ ಚೌಕಾಬಾರಾಕ್ಕೆ ಬೇಕಾದುದು ಒಂದು ಸೀಮೆಸುಣ್ಣ ಮಾತ್ರ. ನಾಲ್ಕೂ ಮೇಲ್ಮುಖವಾದರೆ ಚೌಕ, ನಾಲ್ಕೂ ಮಗುಚಿದರೆ ಬಾರಾ, ಅಂದರೆ ಎಂಟು. ಎಣಿಸುವುದು, ಎದುರಾಳಿಯ ಕಾಯಿ ಕಡಿಯುವ ಹಂಚಿಕೆ ಹಾಕುವುದು, ಕೈಚಾಚಿ ಕಾಯಿ ನಡೆಸುವುದು, ಮೋಸಮಾಡಿದವರೊಡನೆ ಜಗಳವಾಡುವುದು, ಎಲ್ಲವೂ ಮೆದುಳಿನ ವ್ಯಾಯಾಮಗಳೇ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ ಎಪ್ಪತ್ತೈದು ದಾಟಿದ 469 ಜನರನ್ನು ಹಲವು ವರ್ಷ ಗಮನಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓದುವ, ಮನೆಯೊಳಗಿನ ಆಟಗಳನ್ನಾಡುವ, ವಾದ್ಯ ನುಡಿಸುವ, ನರ್ತಿಸುವ ಹವ್ಯಾಸವಿದ್ದವರಲ್ಲಿ ಮರೆಗುಳಿ ರೋಗ ಕಡಿಮೆಯಿದ್ದುದು ಕಂಡುಬಂತು. ಆಟದಿಂದ ರೋಗ ತಪ್ಪಿತೋ, ರೋಗದ ಮೊಳಕೆಯಿದ್ದವರು ಆಟ ಬಿಟ್ಟರೋ ಎಂಬುದನ್ನು ಇಂತಹ ಅಧ್ಯಯನ ಖಚಿತವಾಗಿ ಹೇಳಲಾರದು. ಹಾಗೆಂದು ಆಟ ಆಡದಿರಲು ಅದು ಕಾರಣವೂ ಅಲ್ಲ.

ಬ್ಯಾಡ್ಮಿಂಟನ್ ಆಟದ ಮೊದಲ ನಿಯಮಗಳು 1870ರ ದಶಕದಲ್ಲಿ ಇದೇ ಪುಣೆಯಲ್ಲಿ ರೂಪುಗೊಂಡು, ಆಟಕ್ಕೇ ‘ಪೂನಾ’ ಎಂಬ ಹೆಸರಿತ್ತೆಂಬುದು ನಮ್ಮ ಹಿರಿಯರಿಗೆ ತಿಳಿದಿರಲಿ. ಕುರ್ಚಿಯಲ್ಲಿ ಕುಳಿತೇ, ಬೀಸಣಿಗೆಗಳಿಂದ ಬಲೂನನ್ನು ಹೊಡೆಯುತ್ತ ಅದನ್ನು ಆಡಬಹುದು. ಭುಜದ ಕೀಲುಗಳಿಗೆ ಇದಕ್ಕಿಂತ ಸುಲಭವಾದ ವ್ಯಾಯಾಮವಿಲ್ಲ. ಒಗಟು ಬಿಡಿಸುವುದು, ಅರ್ಧ ಗಾದೆ ಹೇಳಿ ಪೂರ್ತಿಮಾಡಿಸುವುದು, ಒಡಪಿನಲ್ಲಿ ಗಂಡನ ಹೆಸರು ಹೇಳಿಸುವುದು, ಇವಕ್ಕೆ ಸಾಮಗ್ರಿಯೇ ಬೇಡ. ಮರಾಠಿ ಅಜ್ಜಿಯರ ‘ಉಖಾಣೆ’ಗೂ ನಮ್ಮ ಒಡಪಿಗೂ ಸ್ಪರ್ಧೆ ಏರ್ಪಡಿಸಿದರೆ ಮಧ್ಯಾಹ್ನ ಕಳೆದದ್ದೇ ತಿಳಿಯದು. ಪತಿ ತೀರಿದವರನ್ನು ಕೇಳಬಾರದೆಂದು ಸಂಕೋಚಪಡಬೇಕಾಗಿಲ್ಲ. ಒಲ್ಲೆನೆಂದರೆ ಬಿಡಬೇಕು, ಅಷ್ಟೆ. ಎಷ್ಟೋ ವರ್ಷಗಳಿಂದ ಆ ಹೆಸರನ್ನು ತಮ್ಮ ಬಾಯಿಂದ ಯಾರೂ ಹೇಳಿಸಿರುವುದಿಲ್ಲ.

ಕನ್ನಡದ ಆಟಗಳನ್ನೇ ಒತ್ತಿ ಹೇಳುವುದಕ್ಕೆ ಅಭಿಮಾನವೊಂದೇ ಕಾರಣವಲ್ಲ. ಭಾರತದಲ್ಲಿ ಅರುವತ್ತು ದಾಟಿದವರಲ್ಲಿ ನೂರಕ್ಕೆ ಏಳಕ್ಕೂ ಹೆಚ್ಚು ಜನರಿಗೆ ಮರೆಗುಳಿ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಂದಾಜು ತಿಳಿಸುತ್ತದೆ. ಈ ರೋಗ ಬಲಿತಂತೆ, ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯಿನುಡಿ ಕೊನೆಗೆ ಉಳಿಯುವುದು ಹಲವರಲ್ಲಿ ಕಂಡುಬರುತ್ತದೆ. ನಾಲ್ವತ್ತು ವರ್ಷ ಮರಾಠಿಯಲ್ಲಿ ಸರಾಗವಾಗಿ ವ್ಯವಹರಿಸಿದವರು ಒಂದು ದಿನ ನೀರನ್ನು ಕನ್ನಡದಲ್ಲಿ ಕೇಳತೊಡಗುತ್ತಾರೆ. ಮಾವಶಿಗೆ ಅರ್ಥವಾಗುವುದಿಲ್ಲ, ‘ಹಟಮಾರಿ’ ಎಂಬ ಹೆಸರು ಬರುತ್ತದೆ. ನೀರು, ನೋವು, ಚಳಿ, ಕಕ್ಕಸು, ಸಾಕು, ಬೇಡ ಎಂಬಂತಹ ಇಪ್ಪತ್ತು ಕನ್ನಡ ಪದಗಳನ್ನು ಮರಾಠಿ ಅರ್ಥದೊಡನೆ ದೇವನಾಗರಿಯಲ್ಲಿ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸುವುದಕ್ಕೆ ಎಷ್ಟು ಹೊತ್ತು ಬೇಕು? ಇದು ಯಾವ ಆಸ್ಪತ್ರೆಯೂ ಮಾಡದ, ನಮ್ಮ ಸಂಘ ಮಾತ್ರ ಮಾಡಬಲ್ಲ ಚಿಕಿತ್ಸೆ. ಪಂಡಿತ ಭೀಮಸೇನ ಜೋಶಿಯವರು ಗದಗಿನಿಂದ ಬಂದು ಈ ಊರಿನಲ್ಲಿ ನೆಲೆಸಿ ಕನ್ನಡದ ದಾಸವಾಣಿಯನ್ನೂ ಮರಾಠಿಯ ಅಭಂಗವಾಣಿಯನ್ನೂ ಹಾಡಿದರು. ಬತ್ತಿ ಹೊಸೆಯುವಾಗ ಎರಡನ್ನೂ ಮೆಲ್ಲಗೆ ಹಾಕಿದರೆ ಎರಡು ಭಾಷೆಯವರೂ ಒಂದೇ ಮೇಜಿನ ಸುತ್ತ ಕೂಡುವರು. ಅಂದ ಹಾಗೆ ವಲಸಿಗರಾದ ನಮಗೆ ಒಂದು ಸಮಾಧಾನದ ಸುದ್ದಿ: ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆಗುಳಿ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ತಲೆದೋರಿದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ.

ಏರ್ಪಡಿಸುವವರು ಗಮನಿಸತಕ್ಕ ಕೆಲವು ವಿಷಯಗಳಿವೆ. ಸಂಧಿವಾತದವರ ಬೆರಳುಗಳು ಬೆಳಗ್ಗೆ ಬಿಗಿದಿರುತ್ತವೆ. ಮರೆವಿನ ರೋಗಿಗಳು ಸಂಜೆ ಗಲಿಬಿಲಿಗೊಳ್ಳುವುದು ಹೆಚ್ಚು. ಆದ್ದರಿಂದ ಹನ್ನೊಂದು ಗಂಟೆಯ ಹೊತ್ತೇ ಪ್ರಶಸ್ತ. ಮುಕ್ಕಾಲು ಗಂಟೆ ಮೀರಬಾರದು. ಧ್ವನಿವರ್ಧಕ ಬೇಡ, ಕಿವಿ ಮಂದವಾದವರಿಗೆ ಎದುರು ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಿದರೆ ಸಾಕು. ಬಿಳಿಯ ಹತ್ತಿಯ ಕೆಳಗೆ ಕಪ್ಪು ಬಟ್ಟೆ ಹಾಸಿದರೆ ಪೊರೆ ಬಂದ ಕಣ್ಣಿಗೂ ಕಾಣುವುದು. ಮರೆವು ಹೆಚ್ಚಾದವರ ಕೈಗೆ ಮಣಿ, ಸೂಜಿ, ಕವಡೆಗಳನ್ನು ಕೊಡಬಾರದು, ಬಾಯಿಗೆ ಹಾಕಿಕೊಳ್ಳುವ ಅಪಾಯವುಂಟು. ಅಳಗುಳಿಮನೆಗೆ ಹುಣಿಸೆಬೀಜ ಬಳಸಿ; ಅಂದವೆಂದು ಗುಲಗಂಜಿಯನ್ನು ಮಾತ್ರ ತರಬೇಡಿ, ಅದನ್ನು ಅಗಿದರೆ ಪ್ರಾಣಾಪಾಯಕರವಾದ ವಿಷ. ನುಂಗಲು ತೊಂದರೆಯಿರುವವರಿಗೆ ಶೇಂಗಾ, ಚಕ್ಕುಲಿ, ಗಟ್ಟಿ ಉಂಡೆಗಳು ಸಲ್ಲವು. ಮಧುಮೇಹಿಗಳ ಸಿಹಿಯ ಅಳತೆಯನ್ನು ಮೊದಲೇ ಅಲ್ಲಿಯ ದಾದಿಯನ್ನು ಕೇಳಿಕೊಳ್ಳಬೇಕು. ಒಂದು ಚಮಚ ಎಳ್ಳುಬೆಲ್ಲದಿಂದ ಕೇಡಾಗದು, ಆದರೆ ಹತ್ತು ಸಂಸ್ಥೆಗಳು ಬಂದು ಹತ್ತು ಚಮಚ ಕೊಟ್ಟರೆ ಆದೀತು. ಆಮ್ಲಜನಕದ ಸಿಲಿಂಡರು ಇರುವ ಕೋಣೆಯಲ್ಲಿ ದೀಪ ಹಚ್ಚಲೇಬಾರದು. ಒಂದು ಕೈ ಸ್ವಾಧೀನವಿಲ್ಲದವರನ್ನು ಬದಿಗೆ ಕೂರಿಸದೆ, ಇನ್ನೊಬ್ಬರ ಜೋಡಿ ಮಾಡಿ. ಒಬ್ಬರು ಹತ್ತಿ ಹಿಡಿದರೆ ಇನ್ನೊಬ್ಬರು ಎಳೆಯಲಿ. ಬೇಡವೆಂದು ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸಿ ತರುವ ಹಟ ಬೇಡ.

ಮುಖ್ಯವಾದ ಮಾತೆಂದರೆ, ಮಾಡಿಸಿದ ವಸ್ತುವನ್ನು ಆಶ್ರಮದ ಕಪಾಟಿನಲ್ಲಿ ಪ್ರದರ್ಶನಕ್ಕಿಟ್ಟು ಬರಬಾರದು. ಅದು ಹೊರಗೆ ಹೋಗಬೇಕು, ಬಳಕೆಯಾಗಬೇಕು, ಆದ ಸುದ್ದಿ ತಿರುಗಿ ಬರಬೇಕು. ನಿಮ್ಮ ಗೆಜ್ಜೆವಸ್ತ್ರವನ್ನು ನಮ್ಮ ಗೌರಿಗೆ ಏರಿಸಿದೆವೆಂದು ಒಂದು ಕಾಗದ ಬರೆಯಿರಿ. ಕುಸುರೆಳ್ಳು ತೊಟ್ಟ ಮಗುವಿನ ಭಾವಚಿತ್ರ ಕಳಿಸಿರಿ. ಬತ್ತಿಗೆ ಬೆಲೆ ಕೊಡುವುದಾದರೆ ಸಂಸ್ಥೆಯ ಪೆಟ್ಟಿಗೆಗೆ ಹಾಕದೆ ಹೊಸೆದವರ ಕೈಯಲ್ಲಿಯೇ ಕೊಡಿರಿ. ಅದನ್ನು ಮಾವಶಿಯ ಮಗಳ ಪುಸ್ತಕಕ್ಕೆ ಕೊಡುವರೋ, ತಾವೇ ಐಸ್‌ಕ್ರೀಮು ತರಿಸಿ ತಿನ್ನುವರೋ, ಅದು ಅವರಿಗೆ ಬಿಟ್ಟದ್ದು. ಮತ್ತೊಂದು ಸೂಚನೆ: ಹಿರಿಯರ ಕೈ ನಿಧಾನ. ಒಂದು ಹಾರಕ್ಕೆ ಮೂರು ನಾಲ್ಕು ದಿನವಾದರೂ ಹಿಡಿಯುತ್ತದೆ. ಮನೆಯಲ್ಲಿ ಮೊದಲ ಸಂಕ್ರಾಂತಿಯ ಮಗುವಿರುವ ಸದಸ್ಯರು ಆಭರಣದ ಅಳತೆಯನ್ನು ತುಳಸಿ ಲಗ್ನದ ಹೊತ್ತಿಗೇ ತಿಳಿಸಿಬಿಟ್ಟರೆ ಕಟ್ಟುವವರಿಗೆ ಅವಸರವಾಗುವುದಿಲ್ಲ.